ಕಾಕಾನ ತಾಳ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ತಂಬೂರಿ ಶ್ರುತಿ ಮಾಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿಹೋಯಿತು, ನಾನು ಏಳಲಿಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆ ಬಂದು ಎದುರಿಗೆ ಕೂತಿತ್ತು.

ಕಾಲೇಜಿನ ರಜೆಗೆ ಮುದ್ದೇಬಿಹಾಳದ ಕಾಕಾನ ಮನೆಗೆ ಹೋಗಿದ್ದೆ. ಕಾಕಾ ಅಪ್ಪನ ತಮ್ಮ; ವಕೀಲ, ಸಂಗೀತದ ಹುಚ್ಚು. ಆ ವರ್ಷ ಅವನ ಕಿವಿ ಮಂದವಾಗತೊಡಗಿತ್ತು. ಸೊಲ್ಲಾಪುರದ ಡಾಕ್ಟರು, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದೂ ಉಳಿಯುವುದಿಲ್ಲ ಎಂದಿದ್ದರು.

"ಇರೂತನಕ ಕೇಳೂಣು, ಬಾ ತಂಗಿ," ಎಂದ ಕಾಕಾ.

ಇಂಡಿ, ಸಿಂದಗಿ, ಎಲ್ಲಿ ಹಾಡಿಕೆ ಇದ್ದರೂ ಬಸ್ಸು ಹತ್ತಿದೆವು. ನನಗೋ ಒಂದು ರಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಕಛೇರಿ ಮುಗಿದ ಮೇಲಿನ ಚುರುಮುರಿ, ಚಹಾ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಕಾಕಾ ಪ್ರತಿ ಸಲ ಇನ್ನಷ್ಟು ಮುಂದಿನ ಸಾಲಿಗೆ ಸರಿಯುತ್ತಿದ್ದದ್ದು ನನ್ನಂಥವಳಿಗೂ ತಿಳಿಯಿತು.

ನಡುವೆ ವಿಜಾಪುರದ, ಆಮೇಲೆ ಕೊಲ್ಹಾಪುರದ ಮ್ಯೂಜಿಯಮ್ಮಿಗೂ ಕರೆದೊಯ್ದ. "ಇನ್ನ ಮ್ಯಾಲ ಕಣ್ಣಿಗೆ ರೂಢಿ ಮಾಡಸ್ಬೇಕು," ಎಂದು ನಕ್ಕ. ತಂಬೂರಿ ಹಿಡಿದ ಹೆಂಗಸಿನ ಒಂದು ಹಳೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ಛಂದ ಐತಿ ಅಲ್ಲ ಕಾಕಾ?" ಎಂದು ಅವನ ಕಿವಿಯ ಹತ್ತಿರ ಕೇಳಿದೆ.

"ಛಂದ ಐತಿ." ಮತ್ತೆ ಚಿತ್ರದತ್ತ ತಿರುಗಿ ಹೇಳಿದ, "ಆದ್ರ ಸುಮ್ಮನ ಅದಾಳ."

ರಜೆಯ ಕೊನೆಗೆ ಬಸವನ ಬಾಗೇವಾಡಿಯಲ್ಲಿ ಅವನ ಬಾಲ್ಯದ ಗೆಳೆಯರೊಬ್ಬರ ಹಾಡಿಕೆ. ಕಾಕಾ ಎದುರಿಗೇ ಕೂತು, ತೊಡೆಯ ಮೇಲೆ ತಾಳ ಹಾಕುತ್ತಿದ್ದ. ತಬಲಾ ಸರಿಯಾಗಿ ಕೇಳಿಸದೆ ಅವನ ಕೈ ಹಿಂದೆ ಬೀಳತೊಡಗಿತು. ಯಾರೋ ಕಿಸಕ್ಕನೆ ನಕ್ಕರು. ನಾನು ನಾಚಿಕೆಗೆ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಹಾಡುತ್ತಿದ್ದ ಗೆಳೆಯರು ಕಾಕಾನ ಕೈ ನೋಡುತ್ತಿದ್ದರು. ತಬಲಾದವನಿಗೆ ಕಣ್ಣಲ್ಲೇ ಏನೋ ಹೇಳಿದರು. ಹಾಡು ನಿಧಾನವಾಯಿತು. ಕಾಕಾನ ಕೈ ಎಲ್ಲಿ ಬಿತ್ತೋ ಅಲ್ಲಿಗೇ ತಾಳವನ್ನೂ ತಂದು ನಿಲ್ಲಿಸಿದರು. ಕೊನೆಯವರೆಗೂ ಹಾಗೆಯೇ ಹಾಡಿದರು.

ಬಸ್ಸಿನಲ್ಲಿ ಕಾಕಾ ಹಿಗ್ಗಿಹೋಗಿದ್ದ. "ಇವತ್ತ ಒಂದೂ ತಾಳ ತಪ್ಪಲಿಲ್ಲ ನೋಡು, ತಂಗಿ!"

"ಹೌದು ಕಾಕಾ," ಎಂದು ಕೂಗಿದೆ. ಅವನು ಕೇಳಿದ ಕೊನೆಯ ಹಾಡಿಕೆ ಅದು.

ಕಾಕಾ ತೀರಿಕೊಂಡು ಎಷ್ಟೋ ವರ್ಷಗಳಾದವು. ರಾಗಗಳು ನನಗೆ ಇಂದಿಗೂ ಗುರುತು ಹತ್ತುವುದಿಲ್ಲ. ಆದರೆ ಕಛೇರಿಗೆ ಹೋದರೆ, ನಂಬಿ, ನನ್ನ ಕಣ್ಣು ಕೇಳುವವರ ಕೈಗಳ ಮೇಲೆಯೇ ಓಡಾಡುತ್ತದೆ. ಎಲ್ಲೋ ಒಂದು ಮುದಿ ಕೈ ಹಿಂದೆ ಬಿದ್ದರೆ, ಹಾಡುವವರು ಒಮ್ಮೆ ಆ ಕೈಯತ್ತ ನೋಡಬಾರದೇ ಎಂದು ಕಾಯುತ್ತೇನೆ.

ಇಲ್ಲಿಯವರೆಗೆ ಯಾರೂ ನೋಡಿಲ್ಲ.