ಬಿಚ್ಚದ ಹೊಲಿಗೆ

ನನ್ನ ಓರಗಿತ್ತಿಗೆ ಆಸ್ಪತ್ರೆಯಲ್ಲಿ ಕೆಲಸ. ತೀರಿಕೊಂಡವರು ದಾನ ಕೊಟ್ಟ ಕಿಡ್ನಿಯನ್ನು ತಣ್ಣನೆಯ ದ್ರವದ ಬೋಗುಣಿಯಲ್ಲಿಟ್ಟು, ಅದರ ಸುತ್ತ ಬಟ್ಟೆಯ ಪಟ್ಟಿಯೊಂದನ್ನು ಕಟ್ಟುತ್ತಾಳೆ. ಪಟ್ಟಿಯ ಒಳಮೈಗೆ ಸಾಲಾಗಿ ಲೋಹದ ಬಿಲ್ಲೆಗಳು. ಅವುಗಳಿಂದ ಇರುವೆ ಕಚ್ಚಿದಷ್ಟೂ ತಿಳಿಯದ ಕರೆಂಟು ಹಾಯಿಸಿದರೆ ಒಳಗಿನ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಕೆಟ್ಟ ಭಾಗ ಕಪ್ಪಾಗಿ ಕಾಣುತ್ತದೆ.

"ಮನೇಲಿ ಇಸ್ತ್ರಿ ಪೆಟ್ಟಿಗೆ ಸ್ವಿಚ್ ಹಾಕೋಕೆ ಹೆದರೋಳು, ಅಲ್ಲಿ ಕಿಡ್ನಿಗೆ ಕರೆಂಟ್ ಕೊಡ್ತಾಳಂತೆ!" ಎಂದು ನಮ್ಮತ್ತೆ ಆಡಿಕೊಳ್ಳುತ್ತಾರೆ. ದುಡಿದು ಬಂದವಳು ಚಾಪೆ ಬಿಡಿಸಿ ಉರುಳಿಕೊಳ್ಳುತ್ತಾಳೆ. ನಗುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಕ್ರಿಮಿ ಸಾಯಲೆಂದು ಇಡುವ ಹಬೆಯಲ್ಲಿ ಬೆಂದು ಬೆಂದು ಪಟ್ಟಿಯ ಬಟ್ಟೆ ಪಿಸಿಯುತ್ತದೆ. ಅದನ್ನು ಸರಿಮಾಡಿಕೊಡುವವನು ಆಸ್ಪತ್ರೆಯ ಹೊದಿಕೆ, ನಿಲುವಂಗಿಗಳನ್ನೆಲ್ಲ ಹೊಲಿಯುವ ಟೈಲರಣ್ಣ. ಅವನ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಒಂದು ಮಷೀನಿಗೆ ಮೈಯೊಡ್ಡಿ ರಕ್ತ ಶುದ್ಧ ಮಾಡಿಸಿಕೊಂಡು ಬಂದು, ಇನ್ನೊಂದು ಮಷೀನು ತುಳಿಯುತ್ತಿದ್ದ.

ಮೊನ್ನೆ ಕೊನೆಗೂ ಅವನಿಗೆ ಹೊಂದುವ ಕಿಡ್ನಿ ಬಂತು. ಖಾಲಿ ಹೊಟ್ಟೆಯಲ್ಲಿ ಅವನು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಳಗೆ ಓರಗಿತ್ತಿ, ಅವನೇ ಹೊಲಿದ ಪಟ್ಟಿ ಕಟ್ಟಿದಳು. ಪರದೆಯಲ್ಲಿ ಒಂದು ಮಗ್ಗುಲಿಡೀ ಕಪ್ಪು.

ಹೊಲಿಗೆ ಬಿಟ್ಟು ಬಿಲ್ಲೆ ಸರಿಯಾಗಿ ತಾಗದಿದ್ದರೂ ಹೀಗಾಗುವುದುಂಟು. ಅದಕ್ಕೇ ಪಟ್ಟಿಯನ್ನು ತಿರುಗಿಸಿ ನೋಡುತ್ತಾರೆ. ಕಪ್ಪು ಆ ಬಿಲ್ಲೆಯ ಬೆನ್ನು ಹತ್ತಿ ಹೋದರೆ ದೋಷ ಪಟ್ಟಿಯದು. ಕಿಡ್ನಿಯ ಅದೇ ಮಗ್ಗುಲಿಗೆ ಅಂಟಿಕೊಂಡಿದ್ದರೆ ಕಿಡ್ನಿಯದು.

ದೇವರೇ, ಹೊಲಿಗೆ ಬಿಟ್ಟಿರಲಿ ಎಂದು ಬೇಡುತ್ತಾ ತಿರುಗಿಸಿದಳಂತೆ. ದೇವರಲ್ಲಿ ಹಾಗೂ ಕೇಳಬೇಕಾಗುತ್ತದೆ. ಕಪ್ಪು ಆ ಮಗ್ಗುಲು ಬಿಡಲಿಲ್ಲ. ಮತ್ತೆ ತಿರುಗಿಸಿದಳು. ಮತ್ತೂ.

"ಸಾಕಮ್ಮಾ, ಅದೇನು ಬೀಸೋ ಕಲ್ಲಾ?" ಎಂದರು ಸರ್ಜನ್. ಅವರ ದನಿಯೂ ಸೋತಿತ್ತು.

"ಇದು ಆಗಲ್ಲ ಸರ್."

ವಿಷಯ ಹೇಳುವುದು ಸರ್ಜನ್ನರ ಕೆಲಸ. ಆದರೂ ಓರಗಿತ್ತಿ ಅವರ ಹಿಂದೆಯೇ ಹೋದಳು. ಅವರು ಹೇಳಿದ್ದನ್ನೆಲ್ಲ ಕೇಳಿ ಟೈಲರಣ್ಣ ಅವಳ ಕಡೆ ತಿರುಗಿದ.

"ತಂಗೀ, ನನ್ನ ಹೊಲಿಗೆ ಎಲ್ಲಾದ್ರೂ ಬಿಟ್ಟಿತ್ತಾ? ಸರಿಯಾಗಿ ನೋಡಿದ್ಯಾ?"

"ನೋಡ್ದೆ ಅಣ್ಣ. ಒಂದೆಳೇನೂ ಬಿಟ್ಟಿರಲಿಲ್ಲ."

"ಛೇ! ಜನ್ಮದಲ್ಲಿ ಒಂದ್ಸಲ ಆದ್ರೂ ಮೈಗಳ್ಳತನ ಮಾಡ್ಬೇಕಿತ್ತು ನೋಡು," ಎಂದು ನಕ್ಕನಂತೆ. ಆಮೇಲೆ ಬೆಂಚಿನಡಿ ಕಾಲಲ್ಲೇ ಚಪ್ಪಲಿ ತಡಕುತ್ತಾ, "ಹಾಗಾದ್ರೆ ಇನ್ನು ಏನಾದ್ರೂ ತಿನ್ಬಹುದಲ್ಲ?"

ಅವಳೇ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಎದುರು ಕೂತಳು. ತಿಂದು ಏಳುವಾಗ ಅವನು, "ಇನ್ನೊಂದು ಪಟ್ಟಿ ಪಿಸಿದಿದೆ ಅಂದಿದ್ಯಲ್ಲ, ಕೊಡು. ನಾಳೆ ಹೊಲಿದಿಡ್ತೀನಿ," ಎಂದ.

"ಕೊಟ್ಯಾ?" ಎಂದೆ, ಅವತ್ತು ರಾತ್ರಿ ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದವಳನ್ನು.

"ಕೊಟ್ಟೆ. ಯಾವಾಗ್ಲೂ 'ಗಟ್ಟಿಯಾಗಿ ಹೊಲಿ ಅಣ್ಣ' ಅಂತಿದ್ದೆ. ಇವತ್ತು ಬಾಯೇ ಬರ್ಲಿಲ್ಲ ಕಣಕ್ಕಾ," ಎಂದಳು. ಹೇಳುತ್ತಾ ಹೇಳುತ್ತಾ ಗೋಡೆಗೊರಗಿ ಕಣ್ಣು ಮುಚ್ಚಿದಳು.