ಹವಾಕ್ಕೂ ಮಾನ ಐತಿ

ಈ ಸಲ ನಮ್ಮೂರು ಸರಸಂಬಾದಲ್ಲಿ ಕಬ್ಬಿನ ರವದಿಗೆ ಯಾರೂ ಬೆಂಕಿ ಹಚ್ಚುವುದಿಲ್ಲ! ನನ್ನ ಮೊಮ್ಮಗಳು ಗೆದ್ದಳು. ಕಟಾವಾದ ಮೇಲೆ ಉಳಿಯುವ ಆ ಒಣ ಎಲೆಯನ್ನು ಸುಡಬೇಡಿ, ನೆಲಕ್ಕೆ ಹಾಸಿ ಎಂದು ಅವಳು ವರ್ಷಗಳಿಂದ ಊರೂರು ತಿರುಗುತ್ತಾಳೆ. ಅಫಜಲಪುರ, ಜೇವರ್ಗಿಯ ಎಷ್ಟೋ ರೈತರು ಕೇಳಿದರು. ಸ್ವಂತ ಊರೇ ಕೇಳಿರಲಿಲ್ಲ.

ನಿನ್ನೆ ಕಟ್ಟೆಯ ಮೇಲೆ ಜನ ಸೇರಿದ್ದರು. ಹೊಗೆಯಿಂದ ಹವಾಮಾನ ಕೆಡುತ್ತದೆ ಎಂದು ಅವಳು ಹೇಳುತ್ತಿದ್ದಂತೆ ನನ್ನ ಮೈದುನ, “ಅದನ್ನ ಟೀವಿಯವ್ರಿಗೆ ಹೇಳ ಬೇ, ನಮಗ್ಯಾಕ?” ಎಂದು ಅಣಕಿಸಿದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಹವಾಕ್ಕೂ ಮಾನ ಐತಿ ಅಂತ ಹುಡುಗಿ ಹೇಳಾಕತ್ತಾಳ. ಅದರ ಮಾರಿಗೆ ಹೊಗಿ ಬಿಡ್ತಿಯಲ್ಲೋ, ನಿನಗರ ಮಾನ ಬ್ಯಾಡೇನು?”

ಕಟ್ಟೆಯೆಲ್ಲ ಗೊಳ್ಳೆಂದಿತು. ಹವಾಮಾನ ಎಂಬ ಪದದ ಅರ್ಥ ಅದಲ್ಲವಂತೆ. ಶಾಲೆ ಕಾಣದ ನನಗೇನು ಗೊತ್ತು! ಮೈದುನನೂ ನಗುತ್ತ ಕಿಸೆಯ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟ. “ತಗೋರಿ ವೈನಿ, ನೀವು ಒಲಿ ಹಚ್ಚರಿ. ನಾ ಇನ್ನ ಹೊಲಕ್ಕ ಹಚ್ಚೂದಿಲ್ಲ.” ಅವನು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಕುಳಿತು ಹೋಳಿಗೆ ಉಂಡೆವು. ಮೈದುನ ಮೊಮ್ಮಗಳ ಪಕ್ಕದಲ್ಲೇ ಕುಳಿತಿದ್ದ. “ನಾಳೆ ಮೊದಲ ನನ್ನ ಹೊಲಕ್ಕ ಬಾರವ್ವ, ರವದಿ ಹೆಂಗ ಹಾಸೂದು ತೋರ್ಸು” ಎಂದ. ಅವಳು ಅವನ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಸುರಿದಳು.