ಮೇಲಿನ ಮನೆಗೆ ಹಪ್ಪಳ ಒತ್ತಲು ಹೋದದ್ದು

ಸಣ್ಣ ಉದ್ಯಮ ಶುರು ಮಾಡಬೇಕೆನ್ನುವವರು ಸಲಹೆ ಕೇಳಿಕೊಂಡು ಈಗಲೂ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಬಂಡವಾಳ, ಲೈಸೆನ್ಸು, ಪ್ಯಾಕಿಂಗು ಎಲ್ಲದರ ಬಗ್ಗೆಯೂ ನಾನು ಹೇಳಬಲ್ಲೆ. ನಿವೃತ್ತನಾದ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇರುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಹಪ್ಪಳ ಒತ್ತಲು ಬರುತ್ತದೆಯೇ? ಬಂದವರು ಮೊಬೈಲ್ ರಿಪೇರಿ ಅಂಗಡಿ ಇಡುವವರಾದರೂ ಸರಿ, ಈ ಪ್ರಶ್ನೆಯಿಂದ ವಿನಾಯಿತಿ ಇಲ್ಲ. ಕೆಲವರು ನನಗೆ ವಯಸ್ಸಾಯಿತು ಎಂದುಕೊಂಡು ಕಾಫಿ ಕುಡಿದು ಹೋಗುತ್ತಾರೆ. ಉಳಿದವರಿಗೆ ನಾನು ಹೇಳುವುದು ಇದನ್ನು.

ನಾನು ಸೊಸೈಟಿಯ ಕಾರ್ಯದರ್ಶಿ ಕೆಲಸದಿಂದ ನಿವೃತ್ತನಾದ ವರ್ಷವೇ ನನ್ನ ಹೆಂಡತಿ ಹಲಸಿನ ಹಪ್ಪಳದ ವ್ಯಾಪಾರ ಶುರು ಮಾಡಿದಳು. ಇವೆರಡಕ್ಕೂ ಸಂಬಂಧವಿಲ್ಲ ಎಂದು ಅವಳು ಹೇಳುತ್ತಾಳೆ. ಮಧ್ಯಾಹ್ನದ ಹೊತ್ತಿನಲ್ಲೂ ಮನೆಯಲ್ಲೇ ಕಾಣಿಸುವ ಗಂಡಸನ್ನು ನೋಡುತ್ತಾ ಕೂರುವುದಕ್ಕಿಂತ ಏನಾದರೂ ಕೆಲಸ ಹಚ್ಚಿಕೊಳ್ಳುವುದು ವಾಸಿ ಎನ್ನಿಸಿರಬೇಕೆಂದು ನನ್ನ ಊಹೆ.

ಕೊಪ್ಪದಲ್ಲಿ ಹೊಸ ಉದ್ಯಮಿಗಳಿಗೆಂದು ತರಬೇತಿ ಇಟ್ಟಿದ್ದರು. ಹೆಸರು ಕೊಟ್ಟವಳು ಅವಳು, ಹೋದವನು ನಾನು. ಆ ವಾರ ಬಿಸಿಲು ಚೆನ್ನಾಗಿತ್ತು. ಅವಳಿಗೆ ಹಪ್ಪಳ ಒಣಗಿಸುವುದಿತ್ತು. ನಾನು ಒಂದು ಚೀಲ, ಒಂದು ಪೆನ್ನು ಮತ್ತು ಒಂದು ತತ್ವದೊಂದಿಗೆ ನಮ್ಮೂರು ನಾರ್ವೆಗೆ ಮರಳಿದೆ. ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಉದ್ಯಮ ಉದ್ಯಮವೇ ಅಲ್ಲ ಎಂಬುದು ಆ ತತ್ವ. ಆ ದಿನದಿಂದಲೇ ನಮ್ಮ ಮನೆಯ ಉದ್ಯಮಕ್ಕೆ ನನ್ನನ್ನು ನಾನು ಸಲಹೆಗಾರನಾಗಿ ನೇಮಿಸಿಕೊಂಡೆ. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಯಾರಿಗೂ ತಿಳಿಸಿರಲಿಲ್ಲ.

ಶೃಂಗೇರಿಯ ಒಂದು ಅಂಗಡಿಯವರು, ಮಠಕ್ಕೆ ಬರುವ ಯಾತ್ರಿಕರಿಗೆ ಉಪ್ಪಿನಕಾಯಿ, ಜೇನುತುಪ್ಪ ಮಾರುವವರು, ಅವಳ ಹಪ್ಪಳ ಸ್ವಲ್ಪ ಇಟ್ಟುಕೊಂಡು ನೋಡಿದ್ದರು. ಇಟ್ಟದ್ದೆಲ್ಲ ಹೋಯಿತು. ಮಕ್ಕಳ ಬೇಸಗೆ ರಜೆ ಮುಗಿಯುವುದರೊಳಗೆ ತಲುಪಿಸಬೇಕೆಂದು ದೊಡ್ಡದೊಂದು ಆರ್ಡರ್ ಕೊಟ್ಟರು.

"ಕೊಡ್ತೀವಿ ಅಂದ್ಮೇಲೆ ಕೊಡ್ಬೇಕು ಮಾರಾಯ್ರೆ," ಎಂದು ಅಂಗಡಿಯವರು ಕಣ್ಣೆದುರಿನ ಹಲಗೆ ತೋರಿಸಿದರು. "ಒಳ್ಳೆ ಜಾಗ ಕೊಟ್ಟಿದೀನಿ. ಖಾಲಿ ಬಿದ್ರೆ ಅಲ್ಲಿ ಬೇರೆಯವರ ಮಾಲು ಕೂತ್ಕೊಳ್ತದೆ. ಆಮೇಲೆ ಏಳ್ಸೋಕೆ ಆಗೋದಿಲ್ಲ."

ನನ್ನ ಹೆಂಡತಿ ಆ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಅವಳ ಹಪ್ಪಳದ ಕಟ್ಟು ಅಲ್ಲಿ ಒಂದೇ ಒಂದು ಉಳಿದಿತ್ತು. ಅದು ಕೊಂಚ ವಾರೆಯಾಗಿತ್ತೆಂದು ನೆಟ್ಟಗೆ ಮಾಡಿ ಇಟ್ಟಳು. ಮದುವೆಯಾಗಿ ಬಂದಾಗಿನಿಂದ ಅವಳು ಮಾಡಿದ ಹಪ್ಪಳವನ್ನು ಊರೆಲ್ಲ ಹೊಗಳಿ ತಿಂದಿದೆ. ದುಡ್ಡು ಕೊಟ್ಟು ತಿಂದದ್ದು ಇದೇ ಮೊದಲು. ಬಸ್ಸಿನಲ್ಲಿ ವಾಪಸು ಬರುವಾಗ, "ಆ ಜಾಗ ಬಿಡಬಾರದು" ಎಂದು ಒಂದೇ ಮಾತು ಹೇಳಿದಳು.

ಹಲಸಿನ ಹಪ್ಪಳಕ್ಕೆ ತನ್ನದೇ ಆದ ಅವಸರವಿದೆ. ಬಲಿತ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ರುಬ್ಬಿದ ಹಿಟ್ಟನ್ನು ಅಂದೇ ಒತ್ತಿ ಬಿಸಿಲಿಗೆ ಹಾಕಬೇಕು. ನಾಳೆ ನೋಡೋಣವೆಂದರೆ ಹುಳಿಯಾಗುತ್ತದೆ. ಬಿಸಿಲೋ, ಬೆಳಿಗ್ಗೆ ಕಣ್ಣು ಕುಕ್ಕುವಷ್ಟಿದ್ದರೂ ಮಧ್ಯಾಹ್ನದ ಮೇಲೆ ಎನ್.ಆರ್.ಪುರದ ದಿಕ್ಕಿನಿಂದ ಗುಡುಗು ಕೇಳಿಸುವ ಕಾಲ ಅದು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಕರೆಯದೆಯೇ ಬಂದರು. ಮೇಲಿನ ಮನೆಯಾಕೆ, ಅವಳ ಸೊಸೆ, ತೋಟದಾಚೆ ಮನೆಯ ಇನ್ನೊಬ್ಬಾಕೆ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಉಂಡೆ ಕಟ್ಟುವುದು, ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಚಾಪೆಗೆ ಬಿಡಿಸುವುದು, ಕೈ ಒಂದು ಕಡೆ, ಬಾಯಿ ಒಂದು ಕಡೆ. ಎರಡು ದಿನ ಹೀಗೆ ಸಾಗಿತು. ಸಲಹೆಗಾರನ ಮನಸ್ಸು ಮಾತ್ರ ತಳಮಳಿಸುತ್ತಿತ್ತು. ಮೂವರು ದುಡಿಯುತ್ತಿದ್ದಾರೆ, ಕೂಲಿಯ ಸುದ್ದಿಯೇ ಇಲ್ಲ! ಎರಡನೇ ದಿನ ಸಂಜೆ ಅವರು ಸೆರಗು ಕೊಡವಿ ಎದ್ದಾಗ ನಾನು ಮೂರು ಕವರು ಹಿಡಿದು ಎದುರು ನಿಂತೆ. ಶ್ರಮದ ಘನತೆಯ ಬಗ್ಗೆ ನಾಲ್ಕು ಮಾತನ್ನೂ ಆಡಿದೆ.

ಮೇಲಿನ ಮನೆಯಾಕೆ ಕವರನ್ನು ತಿರುಗಿಸಿ ನೋಡಿದಳು. "ಎಂತ ಭಾವ ಇದು? ಯಾರ ಮದುವೆ?"

"ಮದುವೆ ಅಲ್ಲ ಮಾರಾಯ್ತಿ, ಕೂಲಿ. ವ್ಯವಹಾರ ಅಂದ್ಮೇಲೆ ವ್ಯವಹಾರ."

"ಹೌದಾ," ಎಂದಳು. ಕವರನ್ನು ಬೆಂಚಿನ ಮೇಲೆ ಇಟ್ಟಳು. ಉಳಿದಿಬ್ಬರೂ ಅದರ ಮೇಲೆ ತಮ್ಮದನ್ನಿಟ್ಟು ಮೆಟ್ಟಿಲಿಳಿದರು. ಇದು ಸಂಕೋಚ, ನಾಳೆ ಒತ್ತಾಯ ಮಾಡಿದರೆ ತೆಗೆದುಕೊಳ್ಳುತ್ತಾರೆ ಎಂದು ನಾನು ತರಬೇತಿಯ ಬೆಳಕಿನಲ್ಲಿ ಅರ್ಥ ಮಾಡಿಕೊಂಡೆ.

ಮಾರನೇ ದಿನ ಒಬ್ಬರೂ ಬರಲಿಲ್ಲ. ಹಂಡೆಯಲ್ಲಿ ಬೆಂದ ತೊಳೆ ಕಾಯುತ್ತಿತ್ತು. ಫೋನ್ ಮಾಡಿದರೆ ಮೇಲಿನ ಮನೆಯಾಕೆಗೆ ಮಂಡಿ ನೋವು, ಸೊಸೆ ಎನ್.ಆರ್.ಪುರಕ್ಕೆ ತವರಿಗೆ ಹೋಗಿದ್ದಾಳೆ, ಮೂರನೆಯಾಕೆಯ ಫೋನು ಸ್ವಿಚ್ ಆಫ್. ನಾನು ಕೂಲಿಯವರನ್ನು ಕಳಿಸುವ ಪರಿಚಿತನೊಬ್ಬನಿಗೆ ಫೋನ್ ಹಚ್ಚಿದೆ. "ತೋಟದ ಕೆಲಸಕ್ಕೇ ಜನ ಇಲ್ಲ, ಹಪ್ಪಳ ಒತ್ತೋಕೆ ಎಲ್ಲಿಂದ ತರಲಿ ಮಾರಾಯ್ರೆ?" ಎಂದು ಅವನು ನಗತೊಡಗಿದ. ಹೆಂಡತಿ ಒಬ್ಬಳೇ ಕತ್ತಲಾಗುವವರೆಗೂ ಒತ್ತಿದಳು. ಉಳಿದ ಹಿಟ್ಟು ದನದ ಕಲಗಚ್ಚಿನ ಬಾನಿಗೆ ಹೋಯಿತು. ದನಕ್ಕೆ ಖಾರ ಸೇರಲಿಲ್ಲ. ಅದೂ ಮುಖ ತಿರುಗಿಸಿತು.

"ಅಷ್ಟಕ್ಕೆಲ್ಲ ಸಿಟ್ಟು ಮಾಡ್ಕೊಂಡ್ರೆ ಹೇಗೆ?" ಎಂದೆ.

"ಸಿಟ್ಟಲ್ಲ," ಎಂದಳು ಹೆಂಡತಿ. "ಅವರ ಮನೇಲೂ ಹಲಸು ಬೆಳೆದು ಕೂತಿದೆ. ನನ್ನನ್ನ ಒತ್ತೋಕೆ ಕರಿಬೇಕಿತ್ತು ಅವರು. ನೀವು ದುಡ್ಡು ಕೊಟ್ಟು ಲೆಕ್ಕ ಮುಗಿಸಿಬಿಟ್ರಿ. ಇನ್ನು ಯಾವ ಬಾಯಲ್ಲಿ ಕರೀತಾರೆ?"

ಮುಯ್ಯಾಳು ಎಂಬುದು ನನಗೆ ಗೊತ್ತಿಲ್ಲದ ಶಬ್ದವೇನಲ್ಲ. ಗದ್ದೆ ನಾಟಿಗೆ ಇಂದು ನೀವು ನಮ್ಮಲ್ಲಿಗೆ, ನಾಳೆ ನಾವು ನಿಮ್ಮಲ್ಲಿಗೆ ಎಂದು ಹೋಗಿ ಬರುವುದನ್ನು ಕಂಡು ಬೆಳೆದವನೇ. ಆದರೆ ಅದು ಜಗಲಿಯ ಮೇಲೆ ಹಪ್ಪಳದ ಮಣೆಯ ಮುಂದೆ ಕೂತಿರುವಾಗ ನನಗೆ ಗುರುತು ಸಿಗಲಿಲ್ಲ. ಸೊಸೈಟಿಯಲ್ಲಿ ಬಾಕಿ ಉಳಿದ ಖಾತೆಗಳನ್ನು ಮುಗಿಸುವುದೇ ನನ್ನ ಜೀವಮಾನದ ಸಾಧನೆಯಾಗಿತ್ತು. ಇಲ್ಲಿ ಬಾಕಿ ಇರಲೇಬೇಕಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಒಣಗಲು ಹಾಕಿದ್ದನ್ನು ಬಿಟ್ಟು ಕದಲುವಂತಿರಲಿಲ್ಲ. ನಾನೇ ಶುಭ್ರವಾದ ಪಂಚೆ ಉಟ್ಟು, ಸಂಧಾನಕ್ಕೆ ಹೊರಟವನ ಗಾಂಭೀರ್ಯದಲ್ಲಿ ಮೇಲಿನ ಮನೆಗೆ ಹತ್ತಿದೆ. ಆಕೆ ದೊಡ್ಡ ಪಾತ್ರೆ ಹಿಟ್ಟಿನ ಎದುರು ಒಬ್ಬಳೇ ಕೂತಿದ್ದಳು. ಮಂಡಿ ಸರಿಯಾಗಿಯೇ ಇತ್ತು.

"ಬನ್ನಿ ಭಾವ. ಅಕ್ಕ ಬರ್ಬೇಕಿತ್ತು ಇವತ್ತು. ಕರೆಯೋಕೆ ಆಗ್ಲಿಲ್ಲ."

"ಅವಳ ಬದಲು ನಾನು ಬಂದಿದೀನಿ."

"ನೀವಾ? ನೀವು ಬಂದು ಎಂತ ಮಾಡ್ತೀರಿ, ಭಾಷಣವಾ?"

ನಾನು ಅಂಗಿಯ ತೋಳು ಮಡಚಿ ಮಣೆಯ ಮುಂದೆ ಕೂತೆ. ಉಂಡೆ ಇಟ್ಟೆ, ಒತ್ತಿದೆ. ಪ್ಲಾಸ್ಟಿಕ್ ಎತ್ತಿದಾಗ ಹಪ್ಪಳದ ಅರ್ಧ ಮೇಲಕ್ಕೆ ಬಂತು, ಅರ್ಧ ಕೆಳಗೇ ಉಳಿಯಿತು. ಎಣ್ಣೆ ಹೆಚ್ಚು ಹಚ್ಚಿದೆ. ಹಪ್ಪಳ ಜಾರಿ ನನ್ನ ಪಂಚೆಗೆ ಅಂಟಿತು. ಅಷ್ಟರಲ್ಲಿ ತೋಟದಾಚೆ ಮನೆಯಾಕೆ ಯಾವುದೋ ನೆಪದಲ್ಲಿ ಬಂದವಳು ಹೋಗಲೇ ಇಲ್ಲ. ನಾನು ಚಾಪೆಗೆ ಬಿಡಿಸಿದ್ದನ್ನು ಇಬ್ಬರೂ ಬಗ್ಗಿ ನೋಡಿದರು.

"ಇದು ಕೊಪ್ಪ ತಾಲ್ಲೂಕಿನ ನಕ್ಷೆ ಕಣೇ."

"ಇದು ಶೃಂಗೇರಿ. ಎನ್.ಆರ್.ಪುರ ಎಲ್ಲಿ ಭಾವ?"

"ಅದು ಪಂಚೆಯ ಮೇಲಿದೆ," ಎಂದೆ.

ಮೇಲಿನ ಮನೆಯಾಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೂವರೂ ಕೂತು ಒತ್ತಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಹಪ್ಪಳಗಳಿಗೆ ತಾಲ್ಲೂಕಿನ ಗಡಿ ಹೋಗಿ ಸುಮಾರಾಗಿ ದುಂಡಗಿನ ಆಕಾರ ಬಂದಿತ್ತು. ಸೊಂಟಕ್ಕೆ ಮಾತ್ರ ಯಾವ ಆಕಾರವೂ ಉಳಿದಿರಲಿಲ್ಲ. ಹೊರಡುವಾಗ ಆಕೆ ನನಗೆ ಕೂಲಿ ಕೊಡುವ ಮಾತೆತ್ತಲಿಲ್ಲ. "ನಾಳೆ ಹಂಡೆ ಒಲೆ ಮೇಲಿಡೋಕೆ ಹೇಳಿ ಅಕ್ಕಂಗೆ. ಬರ್ತೀವಿ. ನಾಡಿದ್ದು ಇವರ ಮನೇಲಿ ಒತ್ತೋದಿದೆ, ನೀವು ಮರೀಬೇಡಿ," ಎಂದು ತೋಟದಾಚೆ ಮನೆಯಾಕೆಯತ್ತ ಕೈ ತೋರಿಸಿದಳು.

ಹಾಗೆ ಒಂದು ದಿನ ನಮ್ಮಲ್ಲಿ, ಒಂದು ದಿನ ಅವರಲ್ಲಿ ಎಂದು ಒತ್ತಿ ಮುಗಿಸಿದೆವು. ಕೊನೆಯ ಚಾಪೆಯನ್ನು ಒಳಗೆ ಎಳೆಯುವಾಗ ಮೊದಲ ಹನಿ ಬಿತ್ತು. ಆರ್ಡರಿನಷ್ಟು ಪೂರಾ ಆಗಲಿಲ್ಲ, ಸ್ವಲ್ಪ ಕಡಿಮೆ ಬಿತ್ತು. ಅದನ್ನೇ ರಜೆ ಮುಗಿಯುವುದರೊಳಗೆ ಶೃಂಗೇರಿಗೆ ಒಯ್ದೆವು. ಅಂಗಡಿಯವರು ಎಣಿಸಿ, ಮುಖ ಸಣ್ಣದು ಮಾಡಿ, ಹಲಗೆಯ ಮೇಲೆ ಜೋಡಿಸಿದರು. ಒಂದು ಕೊನೆಯಲ್ಲಿ ಬೆರಳು ಹಾಕುವಷ್ಟು ಜಾಗ ಉಳಿಯಿತು. ಅಲ್ಲಿಗೆ ಬೇರೆಯವರ ಮಾಲು ಹಿಡಿಸುವಂತಿರಲಿಲ್ಲ.

ಉದ್ಯಮಿಗಳಿಗೆ ನಾನು ಹೇಳುವುದು ಇಷ್ಟೇ. ಕೂಲಿಯನ್ನು ಲೆಕ್ಕಕ್ಕೆ ಹಿಡಿಯಿರಿ, ತರಬೇತಿಯಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮ ಕೆಲಸಕ್ಕೆ ಬಂದವರು ಏನನ್ನು ಕೂಲಿ ಎಂದುಕೊಂಡು ಬಂದಿದ್ದಾರೆಂದು ಮೊದಲು ಕೇಳಿ. ಮುಯ್ಯಾಳಿನ ಮೇಲೆ ನಡೆಯುವ ವ್ಯಾಪಾರವಾದರೆ ನಿಮ್ಮ ಬಿಸಿಲಿನಲ್ಲಿ ಅರ್ಧ ನೆರೆಮನೆಯದು. ಉಳಿದರ್ಧಕ್ಕೆ ಎಷ್ಟಾಗುತ್ತದೋ ಅಷ್ಟೇ ಆರ್ಡರ್ ಒಪ್ಪಿಕೊಳ್ಳಿ.

ಮರುವರ್ಷ ಅಂಗಡಿಯವರು ಇನ್ನೊಂದು ಹಲಗೆಯನ್ನೂ ಕೊಡುತ್ತೇನೆಂದರು. ನಾನು ಸಲಹೆಗಾರನ ಹುರುಪಿನಲ್ಲಿ ಬಾಯಿ ತೆರೆಯುವುದರೊಳಗೆ ಹೆಂಡತಿ ಬೇಡವೆಂದು ತಲೆಯಾಡಿಸಿದಳು.

"ಈ ಸಲ ಒಂದೇ ಸಾಕು," ಎಂದಳು. "ಒತ್ತೋಕೆ ಕೈ ಕಡಿಮೆ ಇದೆ. ಇವರದ್ದು ಇನ್ನೂ ಕಲಿಯೋ ಕೈ."